ಬಾಯಿಮಾತಿನ ಪಾಲು

ಮಲಮಗ ಆ ಮಾತು ಹೇಳಿದಾಗ ಸೂಜಮ್ಮನ ಬಾಯಿ ತುಂಬ ಮೊಳೆ. ಸೋಫಾ ಕೆಲಸದವರ ಅಭ್ಯಾಸವೇ ಅದು. ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುವುದು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೂರನೇ ಕೈಯನ್ನು ದೇವರು ಕೊಟ್ಟಿಲ್ಲವಲ್ಲ, ಬಾಯೇ ಕೈಯಾಗಬೇಕು.

“ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ಆಮೇಲೆ ಹೇಳೋದಕ್ಕಿಂತ ಈಗ್ಲೇ ಹೇಳಿಬಿಡ್ತೀನಿ. ಗಂಡ ಮುಸಲ್ಮಾನ, ಹೆಂಡತಿ ಬೇರೆ ಧರ್ಮ ಅಂದ್ರೆ ನಮ್ಮ ಶರೀಅತ್ತಲ್ಲಿ ಅವಳಿಗೆ ಗಂಡನ ಆಸ್ತೀಲಿ ಪಾಲಿಲ್ಲ. ಹೆಂಡತಿ ಆಸ್ತೀಲಿ ಗಂಡನಿಗೂ ಇಲ್ಲ. ನಾನು ಮಾಡಿದ ಕಾನೂನಲ್ಲ ಇದು. ಅಪ್ಪನ ಕಾಲ ಆದ್ಮೇಲೆ ಈ ಕಟ್ಟಡ ಮಾರ್ತೀನಿ. ನಿಮ್ಮನ್ನೇನು ಬೀದಿಗೆ ಬಿಡಲ್ಲ, ಎಲ್ಲಾದ್ರೂ ಒಂದು ಬಾಡಿಗೆ ರೂಮು ನೋಡ್ಕೊಡ್ತೀನಿ.”

ಬಾಯಲ್ಲಿ ಮೊಳೆ ಇಟ್ಟುಕೊಂಡು ಯಾರಿಗೆ ತಾನೇ ಉತ್ತರ ಕೊಡಲು ಆಗುತ್ತದೆ? ಸೂಜಮ್ಮ ಬಗ್ಗಿ ಅಷ್ಟನ್ನೂ ಅಂಗೈಗೆ ಉಗುಳಿಕೊಳ್ಳುವಷ್ಟರಲ್ಲಿ ಅವನು ಬೈಕ್ ಸ್ಟಾರ್ಟ್ ಮಾಡಿ ಆಗಿತ್ತು. ಹೊತ್ತು ನೋಡಿಯೇ ಹೇಳಿದ, ಜಾಣ!

ಅಪ್ಪನ ಕಾಲ ಆದ ಮೇಲೆ ಅಂದನಲ್ಲ, ಆ ಅಪ್ಪ, ಸೂಜಮ್ಮನ ಗಂಡ ಮೇಸ್ತ್ರಿ, ಅಲ್ಲೇ ಇದ್ದ. ಮೇಸ್ತ್ರಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋಗಿದ್ದವು. ಮೆಟ್ಟಿಲು ಹತ್ತಿಸಿ ಮೇಲಿನ ಮನೆಗೆ ಒಯ್ಯಲಾಗದೆ, ಕೆಳಗೆ ಈ ಕೆಲಸದ ಕೋಣೆಯಲ್ಲೇ, ತಾನೇ ಒಂದು ಕಾಲದಲ್ಲಿ ಮಾಡಿದ ದಿವಾನಿನ ಮೇಲೆ ಅವನನ್ನು ಮಲಗಿಸಿದ್ದರು. ಸುತ್ತ ಚರ್ಮ ಸುಲಿದ ಕುರ್ಚಿಗಳು, ಸ್ಪ್ರಿಂಗು ಹೊರಚಾಚಿದ ಸೋಫಾಗಳು, ಗೋಡೆಗೊರಗಿಸಿದ ರೆಕ್ಸಿನ್ ಸುರುಳಿಗಳು. ಮಗನ ಮಾತು ಅವನ ಕಿವಿಗೂ ಬಿದ್ದಿತ್ತು. ಎಡಗೈಯಿಂದ ದಿವಾನಿನ ಅಂಚು ಬಡಿದು “ಊ… ಊ…” ಅಂದ. ಏನೋ ಹೇಳಬೇಕು ಅವನಿಗೆ, ಬರುತ್ತಿಲ್ಲ.

“ಸುಮ್ನಿರಿ, ನೀವ್ಯಾಕೆ ಆಯಾಸ ಮಾಡ್ಕೋತೀರಿ. ನಾನು ನೋಡ್ಕೋತೀನಿ,” ಅಂದಳು ಸೂಜಮ್ಮ. ಏನು ನೋಡಿಕೊಳ್ಳುತ್ತಾಳೋ, ಅವಳಿಗೇ ಗೊತ್ತಿಲ್ಲ.

ಸೂಜಮ್ಮ ಅನ್ನುವುದು ಅವಳ ಹೆಸರಲ್ಲ. ದಪ್ಪ ಬಟ್ಟೆಗೆ ಬಾಗಿದ ಸೂಜಿ ಹಾಕಿ ಹೊಲಿಯುವುದರಲ್ಲಿ ಇವಳನ್ನು ಮೀರಿಸಿದವರಿಲ್ಲ, ಗಿರಾಕಿಗಳು ಇಟ್ಟ ಹೆಸರು ಅದು. ಅಪ್ಪನ ಮನೆಯ ಕುರ್ಚಿಯೊಂದನ್ನು ರಿಪೇರಿಗೆ ತಂದವಳು, ಕುರ್ಚಿ ಮರೆತು ಮೇಸ್ತ್ರಿಯನ್ನೇ ಕಟ್ಟಿಕೊಂಡಳು ಎಂದು ಬೀದಿಯವರೆಲ್ಲ ಗೇಲಿ ಮಾಡುತ್ತಿದ್ದರು. ಅವನು ಮುಸಲ್ಮಾನ, ಹೆಂಡತಿ ತೀರಿಕೊಂಡು ಶಾಲೆಗೆ ಹೋಗುವ ಮಗನಿದ್ದವನು. ಇವಳು ಚರ್ಚಿಗೆ ಹೋಗುವವರ ಮನೆಯ ಹುಡುಗಿ. ತವರಿನವರು ಅವತ್ತು ಬಾಗಿಲು ಹಾಕಿಕೊಂಡವರು ಅಪ್ಪ ಸತ್ತಾಗಲೂ ತೆರೆಯಲಿಲ್ಲ. ಮೇಸ್ತ್ರಿಯಾದರೋ ನಿನ್ನ ದೇವರನ್ನು ಬಿಡು ಎಂದು ಬಾಯಿತಪ್ಪಿ ಕೂಡ ಅನ್ನಲಿಲ್ಲ. “ಶುಕ್ರವಾರ ನಾನು ಹೋಗ್ತೀನಿ, ಭಾನುವಾರ ನೀನು ಹೋಗು, ಮಿಕ್ಕ ದಿನ ಇಬ್ಬರಿಗೂ ಸೋಫಾನೇ ಗತಿ,” ಅನ್ನುತ್ತಿದ್ದ. ಮಕ್ಕಳಾಗಲಿಲ್ಲ. ಇದ್ದೊಬ್ಬ ಮಲಮಗ ದೊಡ್ಡವನಾಗಿ, ಟೈಲ್ಸ್ ಅಂಗಡಿ ಇಟ್ಟು, ಬೇರೆ ಮನೆ ಮಾಡಿದ. ಇವಳಿಗೆ ಉಳಿದದ್ದು ಈ ಕೋಣೆ. ಇದರ ಬೀದಿಬಾಗಿಲು ತೆರೆದಿದ್ದರೆ ಕೆಲಸ ಬರುತ್ತದೆ. ಬೇರೆ ಎಲ್ಲೋ ಮೂಲೆಯ ಬಾಡಿಗೆ ರೂಮಿನಲ್ಲಿ ಕೂತರೆ ಈ ವಯಸ್ಸಿನ ಹೆಂಗಸನ್ನು ಹುಡುಕಿಕೊಂಡು ಯಾರು ಸೋಫಾ ಹೊತ್ತು ತರುತ್ತಾರೆ?

ಮಧ್ಯಾಹ್ನ ನಾದಿನಿ ಬಂದಳು. ಮೇಸ್ತ್ರಿಯ ಅಕ್ಕ ಆಕೆ, ಪಕ್ಕದ ಬೀದಿಯಲ್ಲಿದ್ದ ವಿಧವೆ. ತಮ್ಮನನ್ನು ಮಗ್ಗುಲು ಬದಲಿಸಿ, ಮೈ ಒರೆಸಿ ಹೋಗಲು ದಿನವೂ ಬರುತ್ತಿದ್ದಳು. ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಸುಳ್ಳು ಮಾತ್ರ ತಮಾಷೆಗೂ ಆಕೆಯ ಬಾಯಿಂದ ಬರುತ್ತಿರಲಿಲ್ಲ. ಒಮ್ಮೆ ಮೇಸ್ತ್ರಿ ಅಂಗಡಿಯಲ್ಲಿ ಆಕೆಯನ್ನು ಕೂರಿಸಿ, ಗಿರಾಕಿ ಬಂದರೆ ಕುಷನ್ ನಾಳೆ ಆಗುತ್ತದೆ ಅನ್ನು ಎಂದು ಹೇಳಿ ಹೋಗಿದ್ದ. ಆಕೆ “ಎಲ್ಲಿ ನಾಳೆ ಕಣಪ್ಪ, ಇನ್ನೂ ಮುಟ್ಟೇ ಇಲ್ಲ,” ಅಂದು ಬಂದ ಗಿರಾಕಿಯನ್ನು ವಾಪಸು ಕಳಿಸಿದ್ದಳು. ಆಮೇಲೆ ಆ ಕುರ್ಚಿಯಲ್ಲಿ ಆಕೆಯನ್ನು ಯಾರೂ ಕೂರಿಸಲಿಲ್ಲ.

ಸೂಜಮ್ಮ ಮಲಮಗನ ಮಾತನ್ನೆಲ್ಲ ಹೇಳಿ, “ಹೌದಾ ಅಕ್ಕಾ? ಅವನು ಹೇಳಿದ್ದು ನಿಜಾನಾ?” ಎಂದು ಕೇಳಿದಳು.

“ನಿಜ ಕಣೇ. ಹೇಳಿದ ರೀತಿ ಸರಿಯಿಲ್ಲ, ಹೇಳಿದ್ದು ಸರಿ.” ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅದಕ್ಕೇ ಅಲ್ವಾ ನಾನು ಇಷ್ಟು ವರ್ಷದಿಂದ ಬಡ್ಕೊಂಡಿದ್ದು? ಕಲಿಮಾ ಹೇಳಿಬಿಡೇ. ದೇವರೊಬ್ಬನೇ, ಪ್ರವಾದಿಗಳು ಅವನು ಕಳಿಸಿದವರು ಅಂತ ಎರಡು ಮಾತು. ನಿನಗೊಂದು ನೆಲೆ ಆಗತ್ತೆ, ಸಾಯೋ ನನ್ನ ತಮ್ಮನಿಗೊಂದು ನೆಮ್ಮದಿ ಆಗತ್ತೆ. ಆದ್ರೆ ಅವನ ಉಸಿರಿರುವಾಗ್ಲೇ ಆಗ್ಬೇಕು. ಹೋದ್ಮೇಲೆ ಹೇಳಿದ್ರೆ ದೇವರಿಗೆ ಸಂದೀತು, ಪಾಲಿಗೆ ಸಲ್ಲಲ್ಲ.”

“ರೂಮಿಗೋಸ್ಕರ ದೇವರನ್ನ ಬದಲಾಯಿಸ್ಲಾ? ನನ್ನಿಂದಾಗಲ್ಲ ಅಕ್ಕಾ.”

“ಬದಲಾಯಿಸೋಕೆ ಅವನೇನು ಸೋಫಾ ಕವರಾ? ಅವನೊಬ್ಬನೇ ಇರೋದು,” ಅಂದು ನಾದಿನಿ ಬಿಸಿನೀರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆಗಲ್ಲ ಅಂದವಳು ಇನ್ನೂ ಕೆಲವು ದಿನ ಆಗಲ್ಲ ಅಂದಳು. ಕೊರಳಿನ ಸಣ್ಣ ಶಿಲುಬೆಯನ್ನು ಹಿಡಿದುಕೊಂಡು, ಕೈಮುಗಿದು, ಇವರನ್ನು ಎಬ್ಬಿಸಿ ಕೂರಿಸು ತಂದೆ, ನನಗೆ ಬೇರೇನೂ ಬೇಡ ಎಂದು ಬೇಡಿಕೊಂಡಳು. ಅವನು ಏಳಲಿಲ್ಲ. ಗಂಜಿ ಇಳಿಯುವುದು ನಿಂತಿತು, ಆಮೇಲೆ ನೀರೂ. ಡಾಕ್ಟರು ಬಂದು ನಾಡಿ ಹಿಡಿದು ನೋಡಿ, ಬರುವವರನ್ನೆಲ್ಲ ಕರೆಸಿಬಿಡಿ ಅಂದರು. ಮಲಮಗ ನೆಂಟರನ್ನು ಕರೆತರಲು ಹೋದ, ನಾದಿನಿ ತಮ್ಮನ ತಲೆದೆಸೆಯಲ್ಲೇ ಕೂತಳು. ಅವನು ಹೋದ ಸ್ವಲ್ಪ ಹೊತ್ತಿಗೆ ಅಪರಿಚಿತನೊಬ್ಬ ಟೇಪು ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಕಟ್ಟಡ ಕೊಳ್ಳುವವರ ಕಡೆಯವನಂತೆ, ಅಳತೆಗೆ ಮಲಮಗ ಹಿಂದೆಯೇ ದಿನ ಕೊಟ್ಟಿದ್ದನಂತೆ. ಸೂಜಮ್ಮ ಬೇಡ ಅನ್ನುವಷ್ಟರಲ್ಲಿ ಒಳಗೆ ಬಂದು ಗೋಡೆಯಿಂದ ಟೇಪು ಎಳೆಯತೊಡಗಿದ. ದಿವಾನಿನ ಹತ್ತಿರ ಬಂದಾಗ ಟೇಪು ಅದರ ಕಾಲಿಗೆ ಸಿಕ್ಕಿಕೊಂಡಿತು.

“ಅಮ್ಮಾ, ಇದನ್ನ ಸ್ವಲ್ಪ ಆಕಡೆ ಸರಿಸ್ತೀರಾ?”

ಇದನ್ನ! ಮೇಲೆ ಮನುಷ್ಯ ಮಲಗಿದ್ದಾನೆ, ಉಸಿರು ಎಳೆಯುತ್ತಿದ್ದಾನೆ. ಸೂಜಮ್ಮ ಕೈಯಲ್ಲಿದ್ದ ಸುತ್ತಿಗೆಯನ್ನು ಎತ್ತಿಯೇಬಿಟ್ಟಳು. ಅವನು ಟೇಪು ಬಿಟ್ಟು ಓಡಿದ. ಓಡಿದವನು ನಾಳೆ ಬರುತ್ತಾನೆ, ನಾಳೆ ದಿವಾನಿನ ಮೇಲೆ ಇವರೂ ಇರುವುದಿಲ್ಲ ಎಂದು ಹೊಳೆದದ್ದೇ ತಡ, ಸೂಜಮ್ಮ ನೆಲಕ್ಕೆ ಕೂತು ನಾದಿನಿಯ ಕಾಲು ಹಿಡಿದುಕೊಂಡಳು.

“ಹೇಳಿಕೊಡಕ್ಕಾ. ಹೇಳ್ತೀನಿ. ಏನು ಹೇಳ್ಬೇಕೋ ಹೇಳಿಕೊಡು.”

ನಾದಿನಿ ಬಾಗಿಲು ಮುಂದೆ ಮಾಡಿ ಬಂದಳು. ಮೂವರೇ ಇದ್ದರು. ಸೂಜಮ್ಮ ದಿವಾನಿನ ಪಕ್ಕ ಮಂಡಿಯೂರಿ ಗಂಡನ ಕಿವಿಯ ಹತ್ತಿರ ಬಾಯಿಟ್ಟಳು. ನಾದಿನಿ ಒಂದೊಂದೇ ಪದ ಬಿಡಿಸಿ ಹೇಳಿಕೊಟ್ಟಳು, ಇವಳು ಒಂದೊಂದೇ ಪದ ಒಪ್ಪಿಸಿದಳು.

ಮೊದಲ ಮಾತು ಮುಗಿಯುವ ಮೊದಲೇ ಮೇಸ್ತ್ರಿಯ ಎಡಗೈ ಎದ್ದಿತು. ಅಂಗೈ ಬಟ್ಟಲು ಮಾಡಿ ಅವಳ ಗಲ್ಲದ ಕೆಳಗೆ ಹಿಡಿದ. ಕೆಲಸದ ನಡುವೆ ಊಟಕ್ಕೋ ಮಾತಿಗೋ ಅವಳನ್ನು ಎಬ್ಬಿಸಬೇಕಾದಾಗ ಹೀಗೇ ಕೈ ಹಿಡಿಯುತ್ತಿದ್ದ. “ಉಗುಳು ಮಾರಾಯ್ತಿ,” ಅಂದು ಬಾಯಿಯ ಮೊಳೆಗಳನ್ನೆಲ್ಲ ಇಸಿದುಕೊಳ್ಳುತ್ತಿದ್ದ. ಈಗಲೂ ಹಿಡಿದ. ಅಯ್ಯೋ, ಇವರ ಬುದ್ಧಿ ಆ ದಿನಗಳಿಗೆ ಹೋಗಿದೆ ಎಂದುಕೊಂಡಳು ಸೂಜಮ್ಮ, ದುಃಖ ಒತ್ತಿ ಬಂತು. ಎರಡನೇ ಮಾತನ್ನು ನಾದಿನಿ ಮತ್ತೊಮ್ಮೆ ಹೇಳಿಕೊಡಬೇಕಾಯಿತು. ಮೇಸ್ತ್ರಿ ಅಂಗೈಯನ್ನು ಮೇಲೆತ್ತಿ ಅವಳ ತುಟಿಗಳನ್ನು ಮುಚ್ಚಿದ. ಅವಳು ಆ ಅಂಗೈಯೊಳಗೇ ಮಾತು ಮುಗಿಸಿ ಅದಕ್ಕೆ ಮುತ್ತಿಟ್ಟಳು. ಅವನ ಕಣ್ಣಿಂದ ನೀರು ಕಿವಿಗೆ ಇಳಿಯಿತು.

“ನೋಡೇ, ಸಂತೋಷಕ್ಕೆ ಅಳ್ತಿದಾನೆ,” ಅಂದಳು ನಾದಿನಿ, ತಾನೂ ಅಳುತ್ತಾ.

ನೆಂಟರು ಬರುವಷ್ಟರಲ್ಲಿ ಮೇಸ್ತ್ರಿಯ ಉಸಿರು ನಿಂತಿತ್ತು.

ಮಣ್ಣು ಮಾಡಿದ ಮೂರನೇ ದಿನ, ಬಂದವರೆಲ್ಲ ಚದುರಿದ ಮೇಲೆ, ಮೌಲವಿಗಳು ಮನೆಯವರನ್ನಷ್ಟೇ ಆ ಕೆಲಸದ ಕೋಣೆಯಲ್ಲಿ ಕೂರಿಸಿದರು. ಎದುರಿನ ಗಾಜಿನಂಗಡಿಯವರನ್ನೂ ಇರಿ ಅಂದರು. ಬಟ್ಟೆ ಹೊದಿಸದ ಕುರ್ಚಿಗಳ ಮೇಲೆ ಹಲಗೆ ಹಾಕಿ ಕೂತದ್ದಾಯಿತು. ಮಲಮಗನ ಕಣ್ಣು ಊದಿದ್ದವು. ಅವನು ಅತ್ತಿದ್ದ, ಅದರಲ್ಲಿ ನಾಟಕವಿರಲಿಲ್ಲ. ಅಪ್ಪ ಅಪ್ಪನೇ.

“ಮೇಸ್ತ್ರಿಗಳು ಚೆನ್ನಾಗಿದ್ದಾಗಲೇ ನಮ್ಮಿಬ್ಬರನ್ನ ಕರೆದು ಒಂದು ಮಾತು ಹೇಳಿದ್ರು,” ಅಂದರು ಮೌಲವಿಗಳು, ಗಾಜಿನಂಗಡಿಯವರ ಕಡೆ ಕೈ ತೋರಿಸಿ. “ಬಾಯಿಮಾತಿನ ವಸೀಯತ್ತು, ಅಂದ್ರೆ ಉಯಿಲು. ನನ್ನ ಹೆಂಡತಿ ಬೇರೆ ಧರ್ಮದವಳು, ವಾರಸುದಾರಳಾಗಲ್ಲ, ಅವಳಿಗೆ ಪಾಲು ಬರಲ್ಲ ಅಂತ ನನಗೆ ಗೊತ್ತು. ಆದ್ರೆ ವಾರಸುದಾರರಲ್ಲದವರಿಗೆ ಮೂರನೇ ಒಂದು ಪಾಲಿನವರೆಗೆ ಉಯಿಲು ಮಾಡೋ ಹಕ್ಕು ನನಗಿದೆಯಲ್ಲ, ಅದರಲ್ಲಿ ಈ ಕೆಲಸದ ಕೋಣೆ ಅವಳಿಗೆ. ಇದ್ದಾಗ ಹೇಳಿದ್ರೆ ಮಗ ಜಗಳಕ್ಕೆ ಬರ್ತಾನೆ, ನಾನು ಹೋದ್ಮೇಲೆ ನೀವು ಹೇಳಿ ಅಂದ್ರು. ಕೋಣೆ ಬೆಲೆ ಮೂರನೇ ಒಂದು ಪಾಲು ಮೀರಲ್ಲ, ವಿಚಾರಿಸಿದೀನಿ. ಮಗ ಒಪ್ಪಲಿ ಬಿಡಲಿ, ಇದು ನಡೆಯತ್ತೆ.”

ಸೂಜಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕೋಣೆ ತನ್ನದು. ಅವನು ಯಾವತ್ತೋ ಕೊಟ್ಟಾಗಿತ್ತು! ಸಾವಿನ ಸುದ್ದಿ ತೆಗೆದರೆ, ಮೊದಲು ಆ ಕುರ್ಚಿ ಮುಗಿಸು ಅಂತ ಗದರುತ್ತಿದ್ದ ಮನುಷ್ಯ ಒಳಗೊಳಗೇ ಇಷ್ಟೆಲ್ಲ ಮಾಡಿಟ್ಟಿದ್ದ. ಮಲಮಗ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ.

ಆಗ ನಾದಿನಿ ಬಾಯಿಬಿಟ್ಟಳು. ಪಾಪ, ಹೆಮ್ಮೆಗೆ ಬಿಟ್ಟಳು.

“ವಾರಸುದಾರಳಲ್ಲ ಅಂತ ಯಾಕಂತೀರಿ ಮೌಲವಿ ಸಾಹೇಬ್ರೇ? ಇವಳೀಗ ನಮ್ಮವಳು! ತಮ್ಮನ ಕಿವೀಲೇ ಕಲಿಮಾ ಹೇಳಿದ್ಲು. ನಾನೇ ಹೇಳಿಕೊಟ್ಟೆ. ಉಯಿಲಿನ ಪಾಲೂ ಇವಳಿಗೆ, ಹೆಂಡತಿ ಪಾಲೂ ಇವಳಿಗೆ. ನಾಳೆ ಇವಳ ಕಾಲ ಬಂದ್ರೆ ಅವನ ಪಕ್ಕದಲ್ಲೇ ಮಣ್ಣು!”

ಮೌಲವಿಗಳ ಮುಖ ಕಪ್ಪಿಟ್ಟಿತು.

“ಯಾವಾಗ ಹೇಳಿದ್ರು? ಮೇಸ್ತ್ರಿಗಳ ಪ್ರಾಣ ಹೋಗೋ ಮುಂಚೆಯೋ, ಆಮೇಲೋ?”

“ಮುಂಚೆ! ಅವನು ಕೇಳಿಸ್ಕೊಂಡ. ಅತ್ತ ಕೂಡಾ.”

“ತಾಯೀ…” ಮೌಲವಿಗಳು ಗಡ್ಡ ಸವರಿಕೊಂಡರು. “ಹಾಗಾದ್ರೆ ಅವರು ಸಾಯೋ ಹೊತ್ತಿಗೆ ಈಕೆ ವಾರಸುದಾರಳು. ಮಗ ಇರೋದ್ರಿಂದ ಹೆಂಡತಿಗೆ ಎಂಟನೇ ಒಂದು ಪಾಲು, ಮಿಕ್ಕಿದ್ದೆಲ್ಲ ಮಗನಿಗೆ. ಪಾಲು ಬರೋರಿಗೇ ಉಯಿಲನ್ನೂ ಮಾಡೋ ಹಾಗಿಲ್ಲ. ಮಾಡಿದ್ರೆ ಬೇರೆ ವಾರಸುದಾರರು ಒಪ್ಪಬೇಕು. ಒಪ್ಪದಿದ್ರೆ ಆ ಉಯಿಲು ಬಿದ್ದುಹೋಗತ್ತೆ.”

ಗಲ್ಲದ ಕೆಳಗೆ ಬಂದ ಆ ಅಂಗೈ! ತುಟಿ ಮುಚ್ಚಿದ ಆ ಕೈ! ಸೂಜಮ್ಮನಿಗೆ ಈಗ ತಿಳಿಯಿತು. ಬೇಡ, ಹೇಳಬೇಡ, ಬಾಯಲ್ಲಿರುವುದನ್ನು ಉಗುಳು ಅನ್ನುತ್ತಿದ್ದ ಅವನು. ಮೈಯಲ್ಲಿ ಉಳಿದಿದ್ದ ಕೊನೆಯ ಶಕ್ತಿಯನ್ನೆಲ್ಲ ಆ ಕೈಗೆ ತುಂಬಿ ಅನ್ನುತ್ತಿದ್ದ. ಇವಳು ಮುತ್ತಿಟ್ಟಳು, ಮುಠ್ಠಾಳಿ.

ಮೌಲವಿಗಳು ಮಗನ ಕಡೆ ತಿರುಗಿದರು. “ಏನಪ್ಪಾ, ನಿಮ್ಮ ತಂದೆ ಆಸೆ. ಒಪ್ತೀಯಾ?”

ಅವನು ತಲೆ ಎತ್ತಲಿಲ್ಲ. “ಆಗಲ್ಲ. ಕಟ್ಟಡ ಇಡಿಯಾಗಿ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ, ಮುಂದಿನ ಕೋಣೆ ಬಿಟ್ಟು ಯಾರೂ ತಗೊಳ್ಳಲ್ಲ. ಎಂಟನೇ ಪಾಲು ಏನಾಗತ್ತೋ ಅದನ್ನ ಚಿಕ್ಕಮ್ಮನ ಕೈಗೆ ಕೊಡ್ತೀನಿ.” ಆಮೇಲೆ ದನಿ ಒಡೆದು, “ಇದು ಮೊದಲು ನಮ್ಮಮ್ಮ ಕೂತು ಹೊಲೀತಿದ್ದ ರೂಮು. ಅದನ್ನ ಯಾರಾದ್ರೂ ನೆನೆಸ್ಕೊಂಡ್ರಾ?” ಅಂದ.

ನಾದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ತಾನು ಏನು ಮಾಡಿಟ್ಟೆ ಅನ್ನುವುದು ಆಕೆಗೆ ಈಗ ಪೂರ್ತಿ ತಿಳಿದಿತ್ತು.

ಮೌಲವಿಗಳು ನ್ಯಾಯವಂತರು. ಕುರ್ಚಿಯನ್ನು ಸೂಜಮ್ಮನ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಕೇಳಿದರು. “ಅಮ್ಮಾ, ಬೇರೆಯವರ ಮಾತಿನ ಮೇಲೆ ನಾನು ಏನೂ ತೀರ್ಮಾನ ಮಾಡಲ್ಲ. ಒಬ್ಬರ ಧರ್ಮ ಏನು ಅಂತ ಅವರೇ ಹೇಳ್ಬೇಕು. ನೀವೇ ಹೇಳಿ. ಮೇಸ್ತ್ರಿಗಳು ಜೀವಂತ ಇದ್ದಾಗ ನೀವು ಕಲಿಮಾ ಹೇಳಿದ್ರಾ, ಇಲ್ವಾ?”

ಹೌದು ಅಂದರೆ ಈ ಬಾಗಿಲು, ಈ ಮೇಜು, ಇಷ್ಟು ವರ್ಷದ ಬದುಕು ಎಲ್ಲವೂ ಹೋಯಿತು. ಇಲ್ಲ ಅಂದರೆ ಎಲ್ಲವೂ ಉಳಿಯಿತು. ಎರಡಕ್ಷರ! ಅವನು ಬೇಡ ಅಂದಿದ್ದನ್ನೇ ತಾನೇ ಈಗ ಇಲ್ಲ ಅನ್ನುವುದು? ಅವನ ಆಸೆಯೂ ಅದೇ ಆಗಿತ್ತಲ್ಲ? ಸೂಜಮ್ಮ ತನಗೆ ತಾನೇ ಹೀಗೆಲ್ಲ ಹೇಳಿಕೊಂಡಳು.

“ಇಲ್ಲ,” ಅಂದಳು. “ನಾನು ಹೇಳಿಲ್ಲ.”

ಮಲಮಗ ಎದ್ದು ನಿಂತ. “ಅತ್ತೆ ಈಗಷ್ಟೇ ಹೇಳಿದ್ರಲ್ಲ! ಅತ್ತೆ ಹುಟ್ಟಿದಾಗಿಂದ ಸುಳ್ಳು ಹೇಳಿದವರಲ್ಲ. ಕೇಳಿ ಅವರನ್ನೇ!”

ಮೌಲವಿಗಳು ನಾದಿನಿಯ ಕಡೆ ನೋಡಿದರು. ನಾದಿನಿ ಸೂಜಮ್ಮನ ಕಡೆ ನೋಡಿದಳು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ, ಪಕ್ಕದವರಿಗೂ ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ ಅಂದಳು:

“ನನಗೆ ವಯಸ್ಸಾಯ್ತು. ಹೇಳ್ಲಿ ಅಂತ ಆಸೆಪಟ್ಟಿದ್ದೆ, ಹೇಳಿದ್ಲು ಅಂತ ಅನ್ಕೊಂಡುಬಿಟ್ಟೆ. ಅವಳು ಹೇಳ್ಲಿಲ್ಲ.”

ಮೌಲವಿಗಳು ಇಬ್ಬರ ಮುಖವನ್ನೂ ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಗೊತ್ತಾಗಲಿಲ್ಲ ಎಂದು ಯಾರು ಹೇಳುತ್ತಾರೆ? ಆದರೂ “ಸರಿ. ಹಾಗಾದ್ರೆ ಉಯಿಲು ನಿಲ್ಲತ್ತೆ. ಕೋಣೆ ಈಕೆಯದು,” ಅಂದು ಎದ್ದರು. ಮಲಮಗ ಬಾಗಿಲನ್ನು ಬಡಿದು ಹೋದ. ಗಾಜಿನಂಗಡಿಯವರು ಚಪ್ಪಲಿ ಮೆಟ್ಟಿಕೊಂಡರು.

ಉಳಿದವರು ಇಬ್ಬರೇ. ನಾದಿನಿ ಬಂದು ಸೂಜಮ್ಮನ ತಲೆ ಸವರಿದಳು.

“ಹೋಗ್ಲಿ ಬಿಡೇ. ಕೋಣೆ ಉಳೀತಲ್ಲ. ನಾಳೆಯೋ ನಾಡಿದ್ದೋ ಮತ್ತೆ ಹೇಳಿದ್ರಾಯ್ತು, ಈಗ ಹೇಳಿದ್ರೆ ಯಾವ ನಷ್ಟಾನೂ ಇಲ್ಲ. ಅವನ ಪಕ್ಕದ ಜಾಗಾನೂ ಸಿಗತ್ತೆ. ನಾನು ಹಾಗಂದಿದ್ದೂ ಪಾಪ ಅಂತ ಅನ್ನಿಸ್ಲಿಲ್ಲ. ಅವತ್ತು ನೀನು ಹೇಳಿದ್ದು ರೂಮಿಗೋಸ್ಕರ ತಾನೇ? ಬರೀ ತುಟಿ ಮೇಲಿನ ಮಾತು. ಮನಸ್ಸಿಂದ ಹೇಳದಿದ್ರೆ ಹೇಳಿದ ಹಾಗಲ್ಲ. ಅದಕ್ಕೇ ಹೇಳ್ಲಿಲ್ಲ ಅಂದೆ. ಅದು ಸುಳ್ಳಾಗಲ್ಲ, ಅಲ್ವಾ?”

ಆಕೆ ಉತ್ತರಕ್ಕೆ ಕಾಯುತ್ತಿದ್ದಳು. ಹೌದಕ್ಕಾ ಅಂದಿದ್ದರೆ ಮುಗಿಯುತ್ತಿತ್ತು. ಮೌಲವಿಗಳಿಗೇ ಸುಳ್ಳು ಹೇಳಿದ ಬಾಯಿ, ಇನ್ನೊಂದು ಹೇಳಿದ್ದರೆ ಏನಾಗುತ್ತಿತ್ತು? ಆದರೆ ಸೂಜಮ್ಮನಿಗೆ ಈ ಒಬ್ಬಳ ಮುಂದೆ ಆಗಲಿಲ್ಲ.

“ಶುರು ಮಾಡಿದ್ದು ರೂಮಿಗೋಸ್ಕರಾನೇ ಅಕ್ಕಾ. ಮೊದಲನೇ ಮಾತು ಪೂರ್ತಿ ರೂಮಿಗೋಸ್ಕರ. ಆಮೇಲೆ ಅವರ ಕೈ ಬಂತಲ್ಲ… ಆಗ ರೂಮು ಮರೆತೇ ಹೋಯ್ತು. ಅವರು ಹೋಗೋ ಕಡೆ ನಾನೂ ಹೋಗ್ಬೇಕು ಅನ್ನಿಸ್ತು. ಎರಡನೇ ಮಾತು ನಾನು ನಿಜವಾಗ್ಲೂ ಹೇಳಿದೆ. ದೇವರಾಣೆ ಮನಸ್ಸಿಂದ ಹೇಳಿದೆ. ಸುಳ್ಳು ಹೇಳಿದ್ದು ಅವತ್ತಲ್ಲ ಅಕ್ಕಾ, ಇವತ್ತು.”

ತಲೆಯ ಮೇಲಿದ್ದ ಕೈ ನಿಂತಿತು. ನಾದಿನಿ ಆ ಕೈಯನ್ನು ತೆಗೆದು, ತನ್ನದೇ ಕೈಯೋ ಅಲ್ಲವೋ ಅನ್ನುವಂತೆ ನೋಡಿಕೊಂಡಳು.

“ಹಾಗಾದ್ರೆ ನಾನು ಏನು ಹೇಳ್ದೆ?” ಅಂದಳು. “ಮೌಲವಿಗಳ ಮುಂದೆ ನಾನು ಏನು ಹೇಳ್ದೆನೇ?”

ನಾದಿನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆ ಹಿಡಿದುಕೊಂಡು ಬೀದಿಗೆ ಇಳಿದಳು. ದಿನವೂ ಹೊರಡುವಾಗ ನಾಳೆ ಬರ್ತೀನಿ ಕಣೇ ಅನ್ನುತ್ತಿದ್ದವಳು ಅವತ್ತು ಅನ್ನಲಿಲ್ಲ. ಬೀದಿಬಾಗಿಲು ತೆರೆದೇ ಇತ್ತು, ಬಿಸಿಲು ಒಳಗಿನವರೆಗೂ ಬಿದ್ದಿತ್ತು. ಈ ಗೋಡೆಯಿಂದ ಆ ಗೋಡೆಯವರೆಗೆ ಕೋಣೆ ಇನ್ನು ತನ್ನದು ಎಂದು ಸೂಜಮ್ಮ ಒಮ್ಮೆ ಸುತ್ತ ನೋಡಿದಳು. ಆಮೇಲೆ ಖಾಲಿ ದಿವಾನಿನ ಮೇಲೆ ಮುಖವಿಟ್ಟು, ಯಾರು ಕೇಳಿದರೆ ನನಗೇನು ಎಂದು ಗಟ್ಟಿಯಾಗಿ ಅತ್ತಳು.